ಕಾಲಿಗೆ ಬುದ್ಧಿ

ಬಿರ್ಕತ್ ಅಲ್ ಮೌಜ್‌ನ ಬಾಳೆತೋಟ ಮುಗಿದು
ಹಸಿರು ಬೆಟ್ಟವೆಂದು ಹೆಸರಿಟ್ಟುಕೊಂಡ ಬೋಳು ಬೆಟ್ಟ
ಶುರುವಾಗುವ ಕಡೆ ನಮ್ಮ ಶೆಡ್ಡು.

ಹುಮೈದ್ ಬಂದ. ಬಂದ ಏನು, ಎಳೆದು ತಂದರು.
ಬಿಳಿ ಪಿಕಪ್ಪು, ಹಿಂದೆ ಇಪ್ಪತ್ತೆಂಟು ಕ್ರೇಟು ದಾಳಿಂಬೆ,
ಬಂಪರಿನ ಸಂದಿಯಲ್ಲೆಲ್ಲ ಜಲ್ಲಿ.
ಬ್ರೇಕು ತಪ್ಪಿದವರಿಗೆಂದೇ ತಿರುವಿನಾಚೆ
ಏರಿಗೆ ಸುರಿದಿಟ್ಟ ಜಲ್ಲಿಹಾದಿಗೆ
ನುಗ್ಗಿಸಿ ನಿಲ್ಲಿಸಿದ್ದನಂತೆ.
"ಒತ್ತಿದರೆ ಹತ್ತಿ," ಎಂದ. "ಬರೀ ಹತ್ತಿ."

ಅವನಿಗೆ ದೊಡ್ಡ ಡಿಸ್ಕು ಬೇಕು, ಗೀರು ಕೊರೆದದ್ದು,
ಕೆಂಪು ಕ್ಯಾಲಿಪರು ಬೇಕು,
ಅಳಿಯ ಮಸ್ಕತ್ತಿನಿಂದ ಕಳಿಸಿದ ಫೋಟೋ ಇದೆ.
ಹಾಕೋಣ ಎಂದೆ. ಮೊದಲು ಈ ಸಣ್ಣ ಮುಚ್ಚಳ ತೆಗೆಯೋಣ.

ಎಣ್ಣೆ ಕಷಾಯದ ಬಣ್ಣ. ಆರು ವರ್ಷ ಯಾರೂ ಮುಟ್ಟಿಲ್ಲ.
ಪರೀಕ್ಷೆಯ ಕಡ್ಡಿ ಅದ್ದಿದರೆ ಕೆಂಪು ದೀಪ. ನೀರು.
ಹುಮೈದ್ ನಕ್ಕ. "ಇಲ್ಲಿ ನೀರೇ?
ತೋಟದ ಫಲಜ್ ಕಾಲುವೆಯಲ್ಲೇ ಪಾದ ನೆನೆಯುತ್ತಿಲ್ಲ!"

ನನ್ನ ಅರಬಿ ಸ್ಪೇರ್ ಪಾರ್ಟಿನಷ್ಟು ಅರಬಿ.
ಹೇಗೆ ಹೇಳಲಿ, ಈ ಎಣ್ಣೆಯದು ತೀರದ ಬಾಯಾರಿಕೆ,
ರಬ್ಬರಿನ ಬೆವರಿನಿಂದ, ಮುಚ್ಚಳದ ಉಸಿರಿನಿಂದ
ಗಾಳಿಯಲ್ಲಿದ್ದಷ್ಟನ್ನು ಕದ್ದು ಕುಡಿಯುತ್ತದೆ;
ಇಳಿಜಾರಲ್ಲಿ ಡಿಸ್ಕು ಕೆಂಡವಾದ ದಿನ
ಕುಡಿದದ್ದೆಲ್ಲ ಕುದಿಯುತ್ತದೆ;
ಆವಿಯ ಮೇಲೆ ಕಾಲಿಟ್ಟರೆ ಯಾವ ಗಾಡಿ ನಿಂತೀತು?
ಚಹಾದ ಕೆಟಲಿಗೆ ಕೈ ತೋರಿಸಿದೆ.
ಮುಚ್ಚಳ ಕುಣಿಯುತ್ತಿತ್ತು. ಅವನ ನಗು ನಿಂತಿತು.

ಬಿಚ್ಚಿದೆವು. ಪ್ಯಾಡು ಸವೆದು ಕಬ್ಬಿಣ ಕಬ್ಬಿಣವನ್ನು ತಿಂದಿತ್ತು.
ಹಿಂದಿನ ಡ್ರಮ್ಮಿನಲ್ಲಿ ಸಿಲಿಂಡರು ಸೋರಿ ಶೂ ನೆಂದಿತ್ತು.
(ಊದಬೇಡ ತೋಫಜ್ಜಲ್, ಆ ಧೂಳು ವಿಷ, ಒದ್ದೆಬಟ್ಟೆ ತಾ.)
ಹೊರೆ ಎಷ್ಟೆಂದು ಹಿಂಚಕ್ರಕ್ಕೆ ಹೇಳುವ ಸರಳನ್ನು
ಯಾರೋ ತಂತಿಯಲ್ಲಿ ಬಿಗಿದು ಬಾಯಿ ಕಟ್ಟಿದ್ದರು.

ದೊಡ್ಡ ಡಿಸ್ಕು ಕೂರಿಸಿದೆ, ಉಕ್ಕು ಹೆಣೆದ ಹೋಸು ಎಳೆದೆ.
ಕೆಂಪು ಬಣ್ಣ ನಿಲ್ಲಿಸಲಿಕ್ಕೆ ಬರುವುದಿಲ್ಲ ಎಂದೆ.
ಹುಮೈದ್ ಒಪ್ಪಲಿಲ್ಲ. ಕೆಂಪೇ ಆಯಿತು.

ಆಮೇಲೆ ಗಾಳಿ ತೆಗೆಯುವ ಕೆಲಸ, ದೂರದ ಚಕ್ರದಿಂದ ಮೊದಲು.
ತೋಫಜ್ಜಲ್ ಸೀಟಿನಲ್ಲಿ, ನಾನು ನೆಲದಲ್ಲಿ.
ಸಿಲ್ಹೆಟ್ಟಿನ ಆ ಹುಡುಗನಿಗೆ ಬರುವ ಕನ್ನಡ ಮೂರೇ ಮಾತು.
ಒತ್ತು.
ಹಿಡಿ.
ನಿಪ್ಪಲ್ಲು ಕಾಲು ಸುತ್ತು; ಪೈಪಿನಲ್ಲಿ ಗುಳ್ಳೆ, ಗುಳ್ಳೆಯ ಹಿಂದೆ ಗುಳ್ಳೆ;
ಬಿಗಿದೆ.
ಬಿಡು.
ಹೋದ ರಂಜಾನಿನಲ್ಲಿ ಅವನ ತಂಗಿ ತೀರಿಕೊಂಡ ಫೋನು ಬಂದಾಗ
ನನಗೂ ಬೇರೆ ಮಾತು ಸಿಕ್ಕಿರಲಿಲ್ಲ.
ಹಿಡಿ, ಎಂದಿದ್ದೆ, ಹೆಗಲು ಹಿಡಿದು.

ನಾನು ಗಲ್ಫಿಗೆ ಬಂದದ್ದೇ ಇಂಥದೊಂದು ನಿಪ್ಪಲ್ಲಿನಿಂದ.
ಹದಿನೇಳು ವರ್ಷ ನನಗೆ, ಶಿರಾಲಿಯ ಗ್ಯಾರೇಜು, ಹಂಚಿನ ಟೆಂಪೋ,
ಊಟಕ್ಕೆ ಕರೆದರು, ಬಿಗಿಯಲು ಮರೆತೆ.
ಬಾವಿಕಟ್ಟೆಗೆ ಹೊಡೆಯಿತು. ಯಾರೂ ಸಾಯಲಿಲ್ಲ.
ಡ್ರೈವರ್ ದುರ್ಗಯ್ಯ ಮೊಗೇರನ ಮೊಣಕಾಲು
ಇಂದಿಗೂ ಮಡಚುವುದಿಲ್ಲವಂತೆ.
ನಾನು ನೋಡಲು ಹೋಗಲಿಲ್ಲ; ಕಾಲಿಗೆ ಬುದ್ಧಿ ಹೇಳಿದೆ.
ನಮ್ಮ ಮಾತಿನಲ್ಲಿ ಹಾಗೆಂದರೆ ಓಡುವುದು.
ಇಪ್ಪತ್ತಮೂರು ವರ್ಷದಿಂದ ಅದೇ ಕಾಲಿಗೆ
ನಿಲ್ಲುವ ಬುದ್ಧಿ ಹೇಳುವುದೇ ನನ್ನ ಸಂಬಳ.

ಬಿಗಿದ ಪ್ರತಿ ನಟ್ಟಿಗೂ ಹಳದಿ ಗೀಟು ಎಳೆಯುತ್ತೇನೆ.
ಎಳೆದ ಮೇಲೆ ಮತ್ತೆ ಮುಟ್ಟಿ ನೋಡುತ್ತೇನೆ.
ತೋಫಜ್ಜಲ್ ನಗುತ್ತಾನೆ, ನಗಲಿ.

ಬೆಳಿಗ್ಗೆ ಹುಮೈದ್‌ನನ್ನು ಪಕ್ಕ ಕೂರಿಸಿಕೊಂಡು ಮೇಲೆ ಹೋದೆ.
ಇಳಿಯುವಾಗ ಸಣ್ಣ ಗೇರು, ಎಂಜಿನ್ನೇ ಅರ್ಧ ಬ್ರೇಕು,
ಹೊಸ ಪ್ಯಾಡಿಗೆ ಹೊಸ ಡಿಸ್ಕಿನ ಪರಿಚಯವಾಗುವ ತನಕ
ಜೋರಾಗಿ ತುಳಿಯಬೇಡ, ಶ್ವೈ ಶ್ವೈ.
ಆ ತಿರುವಿನಲ್ಲಿ ನಿಲ್ಲಿಸು ಎಂದ.
ನಿಂತಿತು.
ಜಲ್ಲಿಯಲ್ಲಿ ಅವನದೇ ಟೈರಿನ ಎರಡು ಚರಂಡಿ.
ಇಳಿದುಹೋಗಿ, ಒಡೆದ ದಾಳಿಂಬೆಯೊಂದನ್ನು ಹೆಕ್ಕಿ
ತುಂಬ ಹೊತ್ತು ಕೆಳಗಿನ ಊರು ನೋಡುತ್ತ ನಿಂತ.
ನಾನು ಇಳಿಯಲಿಲ್ಲ.
ಹ್ಯಾಂಡ್‌ಬ್ರೇಕು ಎಳೆದಿತ್ತು, ಗಾಡಿ ಗೇರಿನಲ್ಲಿತ್ತು,
ಚಕ್ರಕ್ಕೆ ಕಲ್ಲೂ ಕೊಟ್ಟಿದ್ದ ಅವನು.
ಆದರೂ ನನ್ನ ಕಾಲು ಪೆಡಲಿನ ಮೇಲೇ ಇತ್ತು.