ಪಿಗ್ಮಿ ವಾಮನನ ಮಗಳು

ನೋಟಿಗೆ ಆಗ ವಾಸನೆ ಇತ್ತು.
ಅಪ್ಪನ ಚರ್ಮದ ಚೀಲ ಬಿಚ್ಚಿದರೆ
ಕಿನ್ನಿಮುಲ್ಕಿಯಿಂದ ಕಲ್ಸಂಕದವರೆಗಿನ ಅಂಗಡಿಸಾಲು
ನಮ್ಮ ಚಾಪೆಯ ಮೇಲೆ ಬಂದು ಕೂರುತ್ತಿತ್ತು:
ಇದು ಒಣಮೀನಿನ ಅಪ್ಪಿಯಕ್ಕನದ್ದು,
ಇದು ಇದಿನಬ್ಬರ ಗಿರಣಿಯದ್ದು, ಹಿಟ್ಟು ಕೊಡವು,
ಇದು ಬೀಡಿ ಬ್ರಾಂಚಿನದ್ದು, ಮೂಸಿದರೆ ಸೀನು,
ಇದು, ನಿಲ್ಲಪ್ಪ, ನಾನೇ ಹೇಳ್ತೇನೆ,
ಸಿರಿಲಣ್ಣನ ಮಲ್ಲಿಗೆಯದ್ದು.

ದಿನಕ್ಕೆ ಐದು, ಹತ್ತು. ಜಡಿಮಳೆಯಾದರೆ ಎರಡು.
ಹೆಸರು ವಾಮನ, ಕೆಲಸ ಪಿಗ್ಮಿ;
ಪೇಟೆಗೆ ಅದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ.
“ಬಂದ ನೋಡಿ, ಮೂರು ಹೆಜ್ಜೆ ಕೇಳ್ಳಿಕ್ಕೆ!”
ಅಪ್ಪ ನಕ್ಕು, ಪುಸ್ತಕದಲ್ಲಿ ಬರೆದು, ರುಜು ಹಾಕಿ
ಸೈಕಲ್ ಹತ್ತುತ್ತಿದ್ದ.
ಕೇಳಿದ್ದು ಅಷ್ಟೇ.
ಯಾರ ತಲೆಯ ಮೇಲೂ ಕಾಲಿಟ್ಟವನಲ್ಲ.

ನಾನು ಮಾಲಿನಲ್ಲಿ, ಎಸ್ಕಲೇಟರಿನ ಬುಡದಲ್ಲಿ,
ನೀಲಿ ಕೋಟು ತೊಟ್ಟು ನಿಲ್ಲುತ್ತೇನೆ.
ಸರ್, ಎರಡೇ ನಿಮಿಷ. ಮ್ಯಾಮ್, ವರ್ಷದ ಫೀಸಿಲ್ಲ.
ಹಾಲು, ಪೆಟ್ರೋಲು, ಕುಚಲಕ್ಕಿ, ಬಿಪಿ ಮಾತ್ರೆ,
ಯಾವುದಕ್ಕೂ ಆಗ್ತದೆ.
ನೋಡಿ, ಎಷ್ಟು ಸಣ್ಣದು,
ಕಿಸೆಯಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ.
ಡೆಬಿಟ್ ಕಾರ್ಡೆಂದರೆ ನಿಮ್ಮದೇ ಬಾವಿ ಸರ್,
ಸೇದಿದಷ್ಟು ಕೆಳಗಿಳಿಯುತ್ತದೆ.
ಇದು ನಲ್ಲಿ. ತಿರುಗಿಸಿದರೆ ಆಯಿತು.
ಮೀಟರಿನ ಮಾತು ನಾನಾಗಿ ಎತ್ತುವುದಿಲ್ಲ.
ತಿಂಗಳಿಗೆ ಹನ್ನೆರಡು ರುಜು ಆಗಬೇಕು ನನಗೆ.

ನನ್ನದೂ ಒಂದುಂಟು, ಇಲ್ಲವೆಂದಲ್ಲ.
ಬಸ್ಸಿಗೆ ಚಿಲ್ಲರೆ, ಬಂಗುಡೆಗೆ ನೋಟು,
ಸೋಪು ಶಾಂಪೂವಿಗೆ ಅದು.
ನೂರರ ನೋಟು ಕೊಡುವಾಗ ಬೆರಳು ಒಮ್ಮೆ ತಡೆಯುತ್ತದೆ,
ಎರಡು ಅಂಟಿಕೊಂಡಿದೆಯೋ ಎಂದು ತಿಕ್ಕಿ ನೋಡುತ್ತದೆ.
ಕಾರ್ಡು ಹಾಗಲ್ಲ. ಕೊಟ್ಟದ್ದು ಕೊಟ್ಟ ಹಾಗೆಯೇ
ತಿರುಗಿ ಕೈಗೆ ಬರುತ್ತದೆ,
ಏನೂ ಕೊಡಲೇ ಇಲ್ಲವೇನೋ ಎಂಬಂತೆ.
ಮೂಸಿ ನೋಡಿದ್ದೇನೆ.
ವಾಸನೆ ಇಲ್ಲ.

ಮೊನ್ನೆ ಮೂವತ್ತೊಂದು, ರಾತ್ರಿ ಎಂಟೂವರೆ.
ಹನ್ನೊಂದರಲ್ಲಿ ನಿಂತಿತ್ತು ಲೆಕ್ಕ.
ಮೊಮ್ಮಗಳ ಚಪ್ಪಲಿಗೆಂದು ಬಂದ ಸಿರಿಲಣ್ಣ
ಎಸ್ಕಲೇಟರಿಗೆ ಹೆದರಿ ನನ್ನ ಮೇಜು ಹಿಡಿದುಕೊಂಡರು.
“ನೀನು ವಾಮನನ ಮಗಳಲ್ವಾ ಮಾರಾಯ್ತಿ!
ನಿನ್ನಪ್ಪನ ಪಿಗ್ಮಿಯಲ್ಲೇ ನಾನು ಮಾಡಿಗೆ ಹಂಚು ಹಾಕಿಸಿದ್ದು.
ಉಳಿದದ್ದು ಡಿಪಾಸಿಟ್ ಇನ್ನೂ ಉಂಟು.”
ತೋರುಬೆರಳಲ್ಲಿ ಬಾಳೆನಾರು ಸುತ್ತಿ ಸುತ್ತಿ ಬಿದ್ದ ಗೆರೆ.
“ಇದೆಂತ? ಅದರ ಹಾಗೆಯೇ ಒಂದಾ?”

ಅದರ ಹಾಗಲ್ಲ ಸಿರಿಲಣ್ಣ,
ಅದು ಇವತ್ತಿನದ್ದನ್ನು ನಾಳೆಗೆ ಇಡುವುದು,
ಇದು ನಾಳೆಯದ್ದನ್ನು
ಎಂದು ಹೇಳಬೇಕಿತ್ತು.
“ಹೌದು, ಸುಮಾರು ಹಾಗೇ,” ಎಂದೆ.
“ಡಿಪಾಸಿಟ್ ಇದ್ದವರಿಗೆ ಬೇಗ ಸಿಗ್ತದೆ.”

ಕನ್ನಡಕ ತಂದಿರಲಿಲ್ಲ ಅವರು. “ಎಲ್ಲಿ ಹಾಕಬೇಕು ಹೇಳು.
ನಿನ್ನಪ್ಪ ತೋರಿಸಿದಲ್ಲಿ ಹಾಕಿ ಅಭ್ಯಾಸ ನನಗೆ.”
ತಿಂಗಳಿಗೆ ಮೂರೂವರೆ ಶೇಕಡಾ ಎಂಬ ಸಾಲಿನ ಮೇಲೆ
ನನ್ನ ಹೆಬ್ಬೆರಳಿತ್ತು.
ತಾನಾಗಿ ಇತ್ತೋ, ಇಟ್ಟದ್ದೋ.

ಮನೆಯಲ್ಲಿ ಅಪ್ಪ ಗಂಜಿ ಆರಿಸುತ್ತಾ
ದಿನವೂ ಕೇಳುವುದನ್ನೇ ಕೇಳಿದ:
“ಇವತ್ತೆಷ್ಟು ಕಲೆಕ್ಷನ್?”
ಒಂದು, ಎಂದೆ.
“ಯಾರದ್ದು?”

ಚೀಲ ಕೆಳಗಿಟ್ಟೆ.
ಬೇಡ ಬೇಡವೆಂದರೂ ಸಿರಿಲಣ್ಣ ತುರುಕಿದ್ದ,
ಮಾರಿ ಉಳಿದ ಅರ್ಧ ಚೆಂಡು ಮಲ್ಲಿಗೆ
ಅದರೊಳಗೇ ಇತ್ತು.
ಅಪ್ಪನಿಗೆ ಈಗ ಅಷ್ಟಾಗಿ ಕಣ್ಣು ಕಾಣುವುದಿಲ್ಲ.
ಬಟ್ಟಲು ಬದಿಗಿಟ್ಟು, ಮುಖ ಎತ್ತಿ,
ಒಂದು ಗಳಿಗೆ ಸುಮ್ಮನಿದ್ದು,
ನಾನು ಬಾಯಿ ತೆರೆಯುವ ಮೊದಲೇ
ಹೆಸರು ಹೇಳಿದ.