ಎರಡನೇ ಈಡು

ಗೋಣಿಕೊಪ್ಪದ ಸಂತೆಮಾಳದಲ್ಲಿ ಡೇರೆ ಟಾಕೀಸು ಬಂದಾಗ
ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿತ್ತು.
ಇದ್ದಿಲ ಗ್ಯಾಸಿನ ಇಂಜಿನ್ನಿಗೆ ತಿದಿ ಒತ್ತುವವನು ನಾನು.
ವಯಸ್ಸು ಹನ್ನೊಂದು, ದಿನಕ್ಕೆ ಎರಡಾಣೆ,
ಮೇಲೆ ಸಿನಿಮಾ ಬಿಟ್ಟಿ.

ಇದ್ದದ್ದು ಒಂದೇ ಪೆಟ್ಟಿಗೆ, ಇಂಗ್ಲಿಷ್ ಚಿತ್ರ.
ಬರ್ಮಾದ ಕಡೆ ಹೊರಟ ಪಟಾಲಮಿನ ಸಾಮಾನಿನಲ್ಲಿ ಸೇರಿ
ರೈಲು ತಪ್ಪಿ ಮೈಸೂರಿನಲ್ಲಿ ಇಳಿದದ್ದಂತೆ.
ಒಬ್ಬ ಡಾಕ್ಟರು, ತಲೆಯೆಲ್ಲ ಗುಬ್ಬಿಗೂಡು,
ನೆಲಮಾಳಿಗೆಯಲ್ಲಿ ಕೂತು ಸತ್ತವರ ಕೈಕಾಲು ಹೊಲಿಯುತ್ತಾನೆ.
ಗುಂಡು ತಾಗಿದರೂ ಬೀಳದ ಸಿಪಾಯಿ ಬೇಕು ಅವನಿಗೆ.
ಅವಸರಕ್ಕೆ ಎರಡೂ ಎಡಗಾಲೇ ಬಿದ್ದು
ಸಿಪಾಯಿ ಎಲ್ಲಿಗೆ ಹೊರಟರೂ ಸುತ್ತಿ ಅಲ್ಲಿಗೇ ಬರುತ್ತಾನೆ,
ಸಲ್ಯೂಟು ಹೊಡೆಯಲು ಹೋಗಿ ಕಿವಿ ಕಿತ್ತುಕೊಳ್ಳುತ್ತಾನೆ,
ಬೆಕ್ಕು ಕಂಡರೆ ಮಂಚದಡಿ.

ತೆರೆಯ ಪಕ್ಕ ತಗಡಿನ ಕೊಳವೆ ಹಿಡಿದು ಕಥೆ ಹೇಳುವವರು
ಡ್ರಿಲ್ ಮೇಷ್ಟ್ರು ಮಂದಣ್ಣ.
ಅವರಿಗೆ ಬರುವ ಇಂಗ್ಲಿಷು ಅಟೆನ್ಷನ್, ಸ್ಟ್ಯಾಂಡಟೀಸ್.
"ನೂಲಿಗೂ ಈಗ ರೇಷನ್ನು ನೋಡಿ,
ಅದಕ್ಕೇ ಡಾಕ್ಟರ ಹೊಲಿಗೆ ದೂರ ದೂರ" ಎಂದರು.
ಡೇರೆಯ ಗೂಟ ಅಲ್ಲಾಡುವಷ್ಟು ನಕ್ಕರು ಜನ.

ಕೊನೆಯ ರೀಲಿನಲ್ಲಿ ಸಿಪಾಯಿಯ ಕೈಗೆ ಕೋವಿ ಬರುತ್ತದೆ.
ಢಂ.
ಡಾಕ್ಟರ ಹ್ಯಾಟು ಹಾರಿತು. ನಗೆ.
ಢಂ.

ನಮ್ಮಲ್ಲಿ ಗಂಡು ಹುಟ್ಟಿದರೆ ಆಕಾಶಕ್ಕೆ ಒಂದು ಈಡು.
ಸಾವಿಗೆ ಎರಡು.
ಬೆಂಚಿನವರು, ನೆಲದವರು, ರಜೆಗೆ ಬಂದ ಹವಾಲ್ದಾರರು,
ಬಾಯಿಯ ಕಡಲೆಕಾಯಿ ಬಾಯಲ್ಲೇ ಉಳಿದು
ಎದ್ದು ನಿಂತರು.
ತೆರೆಯ ಮೇಲೆ ಡಾಕ್ಟರು ಬಕೆಟ್ಟಿನಲ್ಲಿ ಕಾಲು ಸಿಕ್ಕಿ
ಇನ್ನೂ ಕುಣಿಯುತ್ತಿದ್ದ, ಒಬ್ಬನೇ.

ಮೊದಲು ಎದ್ದವಳು ಬೊಳ್ಳವ್ವ.
ಮಗ ಕುಟ್ಟಯ್ಯ ಕಾಣೆ ಎಂದು ತಂತಿ ಬಂದು ಎರಡು ವರ್ಷ.
ಹೆಣ ಕಾಣದೆ ಹಾರಿಸಬೇಡಿ ಎಂದಿದ್ದಳು,
ಮನೆಯ ಕೋವಿ ಗೋಡೆಯಲ್ಲೇ ಇತ್ತು.
"ಯಾರು ಹಾರಿಸಿದ್ದು?" ಎಂದು ಕೇಳಿದಳು.
ಮೇಷ್ಟ್ರು ಕೊಳವೆ ಕೆಳಗಿಟ್ಟರು.

ಮಾರನೆಯ ದಿನ ಬರಲಿಲ್ಲ.
ಅದರ ಮಾರನೆಯ ದಿನ ಉಮಿಯಲ್ಲಿ ಹುದುಗಿಸಿದ ಎಂಟು ಮೊಟ್ಟೆ ತಂದು
ಆಪರೇಟರ್ ಇನಾಸನ ಮುಂದಿಟ್ಟಳು.
"ಒಂದು ಸಾಕು. ಇನ್ನೊಂದು ಬೇಡ."
"ನಡುವೆ ನಿಲ್ಲಿಸಿದರೆ ಫಿಲ್ಮು ಉರಿಯುತ್ತದೆ ಅವ್ವಾ."
"ಉರಿಯಲಿ."

ಇನಾಸ್ ಒದ್ದೆ ಗೋಣಿ ಪಕ್ಕಕ್ಕೆ ಇಟ್ಟುಕೊಂಡ.
ಢಂ. ಅವನ ಕೈ ನಿಂತಿತು.
ಡಾಕ್ಟರ ಹೊಟ್ಟೆಯಲ್ಲಿ ಒಂದು ಕಂದು ಚುಕ್ಕೆ,
ಕಾದ ಹೆಂಚಿನ ಅಕ್ಕಿ ಒಟ್ಟಿಯ ಹಾಗೆ ಉಬ್ಬಿ
ಹ್ಯಾಟು, ಕೋವಿ, ಬೆಕ್ಕು, ಮಂಚ ಎಲ್ಲ ತಿಂದು
ಬರೀ ಬಿಳಿ.
ಗೋಣಿ ಬಿತ್ತು. ನಾನು ತಿದಿ ಬಿಟ್ಟೆ.
ಕತ್ತಲಲ್ಲಿ ಎರಡನೆಯದಕ್ಕಾಗಿ ಕಿವಿಗೊಟ್ಟು ಕೂತೆವು,
ಎಲ್ಲರೂ, ಉಸಿರು ಹಿಡಿದು.
ಬರಲಿಲ್ಲ.
ಬೊಳ್ಳವ್ವ ಸೆರಗು ಕೊಡವಿ ಎದ್ದು ಹೋದಳು,
ಟಿಕೆಟಿನ ದುಡ್ಡು ವಾಪಸು ಕೇಳಲಿಲ್ಲ.

ಆ ರಾತ್ರಿ ಸುಟ್ಟ ಗೇಣುದ್ದ ಕತ್ತರಿಸಿ
ಬಾಳೆಹಣ್ಣಿನ ವಾಸನೆಯ ಅಂಟು ಹಚ್ಚಿ
ಇನಾಸ್ ಜೋಡಿಸಿದ. ಲಾಟೀನು ಹಿಡಿದವನು ನಾನು.
ಸೊಟ್ಟಗಾಯಿತು.
"ಡಾಕ್ಟರಿಗೂ ಹೀಗೇ ಆಗಿದ್ದು" ಎಂದ.

ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ,
ಆಮೇಲೆ ಎಲ್ಲ ಕಡೆ ಒಂದೇ ಈಡು.
ಹ್ಯಾಟು ಹಾರುತ್ತದೆ, ಚಿತ್ರ ಒಮ್ಮೆ ಬಿಕ್ಕುತ್ತದೆ,
ನೋಡಿದರೆ ಎರಡೆಡಗಾಲಿನವನು ಬಾಗಿಲು ದಾಟಿ
ಬಿಸಿಲಿನಲ್ಲಿ ಹೊರಟಿದ್ದಾನೆ, ನೆಟ್ಟಗೆ.
ಮಂದಣ್ಣ ಮೇಷ್ಟ್ರು ಕೊಳವೆ ಎತ್ತಿ ಕೂಗುತ್ತಿದ್ದರು:
"ಗಂಡು ಮಗು!"

ಕುಟ್ಟಯ್ಯ ಬಂದನೇ ಎಂದು ಕೇಳುತ್ತೀರಿ.
ಆ ಗೇಣುದ್ದ ಫಿಲ್ಮು ನನ್ನ ಹತ್ತಿರ ಇದೆ.
ಬೆಳಕಿಗೆ ಹಿಡಿದರೆ ಹೊಗೆ, ಒಂದು ಮೊಣಕೈ,
ನಾಲ್ಕಾಣೆಯಗಲ ತೂತು.
ಸದ್ದು ಇರುವುದು ಅಂಚಿನ ಗರಗಸದಂಥ ಗೆರೆಯಲ್ಲಂತೆ.
ಉಗುರಿನಿಂದ ಮೆಲ್ಲಗೆ ಕೆರೆದು
ಕಿವಿಯ ಹತ್ತಿರ ಹಿಡಿದಿದ್ದೇನೆ, ಎಷ್ಟೋ ಸಲ.
ಉಗುರಿನ ಸದ್ದೇ ಕೇಳುತ್ತದೆ.