ಐದು ಗಂಟೆಗೆ ಬಂದವರು

ಸೊಹಾರ್‌ನಲ್ಲಿ ನಮಗೆ ಶುಕ್ರವಾರವೇ ಭಾನುವಾರ.
ಐದರಿಂದ ಏಳು ಕೋಣೆ ನಮ್ಮದು,
ಏಳಕ್ಕೆ ಇಥಿಯೋಪಿಯದವರು, ಒಂಬತ್ತಕ್ಕೆ ಮಲಯಾಳಿಗಳು;
ಗೋಡೆಯ ಶಿಲುಬೆ ಅಲ್ಲೇ ಇರುತ್ತದೆ, ಎ.ಸಿ. ರಿಮೋಟು ಮಾತ್ರ
ಕೈಯಿಂದ ಕೈಗೆ ಲೆಕ್ಕ ಕೊಟ್ಟು ದಾಟಬೇಕು.

ಆ ವಾರ ಬಂದದ್ದು ದ್ರಾಕ್ಷಿತೋಟದ ಸಾಮ್ಯ:
ನಸುಕಿಗೆ ಬಂದವನಿಗೂ ಇಳಿಹೊತ್ತಿಗೆ ಬಂದವನಿಗೂ
ತೋಟದ ಧಣಿ ಒಂದೇ ನಾಣ್ಯ ಎಣಿಸಿದ ಕತೆ.
ಓದಿದ್ದು ನಾನು. ಓದುತ್ತಲೇ ಬೆರಳು
ತಾನಾಗಿ ತಾಸುಗಳನ್ನು ಕೂಡುತ್ತಿತ್ತು;
ಕಂಪನಿಯ ಮುನ್ನೂರ ಹನ್ನೆರಡು ಜನರ ಸಂಬಳಪಟ್ಟಿ ನನ್ನದು.
ಅಜ್ಜ ಮಂಗಳೂರಿನ ಮಿಶನ್ ಹೆಂಚಿನ ಕಾರ್ಖಾನೆಯವನು.
ಸಿಳ್ಳು ಊದಿ ಮೂರು ನಿಮಿಷವಾದರೆ ಕಾಲು ದಿನದ ಕೂಲಿ ಕಡಿತ,
ಕಡಿದ ಸಾಹೇಬನೇ ಸಂಜೆ ಪ್ರಾರ್ಥನೆಗೂ ನಿಲ್ಲುತ್ತಿದ್ದ.
ಈ ಕತೆ ಬಂದ ವಾರ ಅಜ್ಜ
ಕನ್ನಡಕ ತೆಗೆದು ಒರೆಸುತ್ತಲೇ ಕೂರುತ್ತಿದ್ದ.

ಶಿರ್ವದ ಲಿಗೋರಿ ಮಥಾಯಸ್ ನಮ್ಮ ಸಭೆಯವರಲ್ಲ,
ಪೂಜೆ ತಪ್ಪಿದ ವಾರ ಹೆಂಡತಿ ಇಲ್ಲಿಗೆ ಅಟ್ಟುತ್ತಾಳೆ.
ಧಣಿಯ ಮಾತು ಬಂದದ್ದೇ ನಕ್ಕರು:
"ನನ್ನದನ್ನು ನಾನು ಬೇಕಾದಂತೆ ಕೊಟ್ಟರೆ ನಿನಗೇನಯ್ಯಾ?
ನಮ್ಮಜ್ಜ ಭೂನ್ಯಾಯಮಂಡಳಿಯ ಮುಂದೆ ಇದನ್ನೇ ಹೇಳಿದ್ದು.
ಡಿಕ್ಲರೇಶನಿಗೆ ಹದಿನೇಳು ಮುಡಿ ಗದ್ದೆ ಹೋಯಿತು.
ಧಣಿ ಒಳ್ಳೆಯವನಿದ್ದ ಅಂತ ಈಗ ಯಾರು ನೆನೆಯುತ್ತಾರೆ?"
ಅವರ ದೇವರು ಗದ್ದೆಹುಣಿಯ ಮೇಲೆ ಕೊಡೆ ಹಿಡಿದು ನಿಂತಿದ್ದ,
ಸ್ವಲ್ಪ ನೊಂದುಕೊಂಡಂತೆ.

ಸುಗುಣಾ ಕರ್ಕಡ, ತುರ್ತು ವಾರ್ಡಿನ ನರ್ಸು, ರಾತ್ರಿಪಾಳಿಯ ಕಣ್ಣು:
"ನಡುಹಗಲ ಝಳ ಹೊತ್ತವರು ಅಂತಿದೆಯಲ್ಲ,
ನೀರು ಕೊಟ್ಟರೇ? ಅದು ಬರೆದಿಲ್ಲವೇ?
ಜುಲೈಯಲ್ಲಿ ಒಬ್ಬನನ್ನು ತಂದರು. ಹೆಸರು ಕೇಳಿದರೆ
ಪೈಪಿನ ನಂಬರು ಹೇಳುತ್ತಿದ್ದ."
ಯಾರೂ ಉತ್ತರಿಸಲಿಲ್ಲ. ಆಕೆಯೂ ಕಾಯಲಿಲ್ಲ, ಕಣ್ಣು ಮುಚ್ಚಿದಳು,
ಪ್ರಾರ್ಥನೆಯೋ ನಿದ್ದೆಯೋ.

ಕೊನೆಯ ಕುರ್ಚಿಯಿಂದ ಸಂಪತ್ ರತ್ನಪ್ಪ. ಬೀದರಿನ ಕಡೆಯವ,
ಎರಡು ವರ್ಷದಲ್ಲಿ ಆಮೆನ್ ಬಿಟ್ಟರೆ ಮಾತಿಲ್ಲ.
"ಅಕ್ಕಾರ, ಆ ಸಾಲು ಇನ್ನೊಮ್ಮೆ ಓದ್ರಿ."
ಯಾವುದು?
"ದಿನಾ ಪೂರಾ ಯಾಕ ಸುಮ್ಮ ನಿಂತೀರಿ ಅಂತ ಕೇಳ್ತಾನಲ್ರಿ, ಅದು."
ಓದಿದೆ. ಯಾರೂ ನಮ್ಮನ್ನು ಕರೆಯಲಿಲ್ಲ, ಎಂದರು ಅವರು.
"ಹಾಂ. ಅಷ್ಟೇ ರೀ.
ಕಂಪನಿ ಮುಚ್ಚಿದ ಮ್ಯಾಲ ನಾ ಐದು ತಿಂಗಳ
ರೌಂಡಬೌಟಿನ ಬಾಜೂಕ ನಿಂತೀನಿ, ನಸುಕಿನ ನಾಕರಿಂದ.
ಪಿಕಪ್ ಬರ್ತದ, ತೋಳ ನೋಡ್ತಾರ, ಏರಸ್ತಾರ.
ಸಂಜೀತನಾ ಉಳಿಯೋರು ಮೈಗಳ್ಳರಲ್ರಿ,
ಮುದುಕರು, ಬೆರಳ ಹೋದವರು, ಕೆಮ್ಮು ಇದ್ದವರು.
ನಿಲ್ಲೂದೂ ಕೆಲಸಾನ ರೀ. ಕಾಲ ಬೀಳ್ತಾವ.
ನಮ್ಮಮ್ಮನವ್ವ ಗೌಡರ ಕಣದ ಹೊರಗ ಹಿಂಗ ನಿಲ್ತಿದ್ಲು,
ರಾಶಿ ಮುಗದು ಕಸ ಗುಡಸೋತನಕ.
ಪಾದ್ರಿ ಬಂದು ಈ ಕತಿ ಹೇಳಿದ ವಾರಾನ
ಆಕಿ ದೀಕ್ಷಾಸ್ನಾನ ತಗೊಂಡಾಳ."

ಲಿಗೋರಿ ಏನೋ ಹೇಳಲು ಬಾಯಿ ತೆರೆದು ಎ.ಸಿ.ಯತ್ತ ನೋಡಿದರು.
ನಾನು ಈ ಅಧ್ಯಾಯ ಮೂವತ್ತು ಸಲ ಓದಿರಬೇಕು,
ಪ್ರತಿ ಸಲವೂ ನಸುಕಿಗೆ ಬಂದವರ ಸಾಲಲ್ಲೇ ನಿಂತು,
ಹಾಜರಿಚೀಟಿ ಹಿಡಿದು.

ಏಳಕ್ಕೆ ಐದಿರುವಾಗ ಬಾಗಿಲಲ್ಲಿ ಬಿಳಿ ಹೊದಿಕೆಯ ಹೆಂಗಸರು,
ಚಪ್ಪಲಿ ಹೊರಗೆ ಕಳಚುತ್ತ.
ಅವರ ಪಂಚಾಂಗ ನಮ್ಮದಕ್ಕಿಂತ ಏಳು ವರ್ಷ ಹಿಂದೆಯಂತೆ.
ರಿಮೋಟು ಕೊಟ್ಟೆ. ದೊಡ್ಡ ಡೋಲೊಂದು ಒಳಗೆ ಬಂತು.
ಅದೇ ತೋಟಕ್ಕೆ ಅವರು ಯಾವ ಬಾಗಿಲಿಂದ ಹೋಗುತ್ತಾರೋ,
ಕೇಳೋಣವೆಂದರೆ ಭಾಷೆಯಿಲ್ಲ.

ಭಾನುವಾರ ಕಚೇರಿ. ತಿಂಗಳ ಪಟ್ಟಿ.
ಒಂಬತ್ತೇ ದಿನ ದುಡಿದವನೊಬ್ಬನ ಹೆಸರಿನ ಮುಂದೆ
ಸುಮ್ಮನೆ, ನೋಡೋಣವೆಂದು, ಪೂರ್ತಿ ತಿಂಗಳ ಅಂಕಿ ಒತ್ತಿದೆ.
ಸಾಲು ಕೆಂಪಾಯಿತು.
ಕಾರಣ ನಮೂದಿಸಿ, ಎಂದಿತು ಕಂಪ್ಯೂಟರು.
ಅಜ್ಜನ ಕಾರ್ಖಾನೆಯ ಸಿಳ್ಳು ಎಲ್ಲಿಂದಲೋ ಊದಿತು.
ಖಾಲಿ ಚೌಕದಲ್ಲಿ ಕರ್ಸರು ಮಿನುಗುತ್ತಿತ್ತು,
ನಿಂತಲ್ಲೇ ನಿಂತು,
ಯಾರಾದರೂ ಕರೆಯುವರೇನೋ ಎಂಬಂತೆ.